ಟ್ರೇಲ್ ಸವಾರಿಗೆ ಸೆಕೆಂಡ್ ಹ್ಯಾಂಡ್ ಮೌಂಟನ್ ಬೈಕ್: ಏನು ನೋಡಬೇಕು, ಎಲ್ಲಿಂದ ಶುರು ಮಾಡಬೇಕು

ದಪ್ಪ ಟೈರು, ಮುಂದೆ ಸಸ್ಪೆನ್ಷನ್, 21 ಗೇರು ಇದ್ದ ಮಾತ್ರಕ್ಕೆ ಸೈಕಲ್ಲು ಟ್ರೇಲ್‌ಗೆ ತಾಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ‘ಎಂಟಿಬಿ’ ಎಂಬ ಹೆಸರಲ್ಲಿ ಸಿಗುವ ಬಹಳಷ್ಟು ಸೈಕಲ್ಲುಗಳು ಮನೆಯಿಂದ ಪಾರ್ಕಿಗೆ ಹೋಗಿಬರಲು ತಯಾರಾದವು. ಅವನ್ನು ತುರಹಳ್ಳಿಯ ಬಂಡೆಯ ಮೇಲೋ ಸಕಲೇಶಪುರದ ಎಸ್ಟೇಟ್ ದಾರಿಯಲ್ಲೋ ಇಳಿಸಿದರೆ ಹಿಂದಿನ ಆಕ್ಸಲ್ ಬಾಗುತ್ತದೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕಟಕಟ ಅನ್ನತೊಡಗುತ್ತದೆ, ಇಳಿಜಾರಿನಲ್ಲಿ ಚೈನು ಕಳಚಿಕೊಳ್ಳುತ್ತದೆ. ಆದರೆ ಅದೇ ಮಾರುಕಟ್ಟೆಯಲ್ಲಿ, ಲಾಕ್‌ಡೌನ್ ಕಾಲದಲ್ಲಿ ಆಸೆಪಟ್ಟು ಕೊಂಡು, ಆಮೇಲೆ ಬಾಲ್ಕನಿಯಲ್ಲಿ ನಿಲ್ಲಿಸಿಬಿಟ್ಟ ಒಳ್ಳೊಳ್ಳೆಯ ಸೈಕಲ್ಲುಗಳೂ ಇವೆ. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಒಂದು ಗಂಟೆ ತಾಳ್ಮೆ ಬೇಕು, ನೋಡುವ ಕ್ರಮ ಸರಿಯಾಗಿರಬೇಕು.

ಬದಲಾಯಿಸಲು ಆಗದ್ದನ್ನು ಮೊದಲು ನೋಡಿ, ಬದಲಾಯಿಸಲು ದುಬಾರಿಯಾದದ್ದನ್ನು ಆಮೇಲೆ, ಹೇಗೂ ಸವೆಯುವುದನ್ನು ಕೊನೆಗೆ. ಕೊಳ್ಳುವವರು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಟೈರು ಹೊಸದು, ಬಣ್ಣ ಮಾಸಿಲ್ಲ, ಚೈನಿಗೆ ಎಣ್ಣೆ ಬಿದ್ದಿದೆ ಎಂದು ದುಡ್ಡು ಕೊಟ್ಟುಬಿಡುತ್ತಾರೆ. ಟೈರು, ಚೈನು, ಬ್ರೇಕ್ ಪ್ಯಾಡು ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಫ್ರೇಮಿನ ಅಳತೆ ಸಿಗುವುದಿಲ್ಲ.

ನೋಡಲು ಹೋಗುವಾಗ 4, 5, 6 ಮಿ.ಮೀ. ಅಲೆನ್ ಕೀ, ಒಂದು ಟಾರ್ಚು, ಒಂದು ಸ್ಟೀಲ್ ಸ್ಕೇಲು, ಒಂದು ಹಳೇ ಬಟ್ಟೆ, ಗಾಳಿ ಹೊಡೆಯುವ ಪಂಪು ಇಟ್ಟುಕೊಳ್ಳಿ. ಹಗಲಿನಲ್ಲೇ ಹೋಗಿ. ಬೇಸ್‌ಮೆಂಟ್ ಪಾರ್ಕಿಂಗಿನ ಮಂದ ಬೆಳಕಿನಲ್ಲಿ ಬಿರುಕು ಕಾಣುವುದಿಲ್ಲ.

ಹಾರ್ಡ್‌ಟೇಲೋ, ಫುಲ್ ಸಸ್ಪೆನ್ಷನ್ನೋ

ಮೊದಲ ಟ್ರೇಲ್ ಸೈಕಲ್ಲಿಗೆ ಹಾರ್ಡ್‌ಟೇಲ್ ತೆಗೆದುಕೊಳ್ಳಿ, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವುದು. ಅದೇ ಬೆಲೆಗೆ ಸಿಗುವ ಹಳೇ ಫುಲ್ ಸಸ್ಪೆನ್ಷನ್ ಆಕರ್ಷಕವಾಗಿ ಕಂಡರೂ ಅದರ ಹಿಂಬದಿಯ ಕೀಲುಗಳಲ್ಲಿ ಹಲವು ಬೇರಿಂಗ್‌ಗಳಿರುತ್ತವೆ, ಶಾಕ್ ಅಬ್ಸಾರ್ಬರಿಗೆ ಕಾಲಕಾಲಕ್ಕೆ ಸರ್ವಿಸ್ ಬೇಕು, ಬಿಡಿಭಾಗಗಳು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಕಡಿಮೆ ಬೆಲೆಯ, ಸ್ಪ್ರಿಂಗ್ ಕಾಣುವಂಥ ಹಿಂದಿನ ಶಾಕ್ ಹಾಕಿದ ಸೈಕಲ್ಲುಗಳನ್ನಂತೂ ದೂರವಿಡಿ. ಭಾರ ಹೆಚ್ಚು, ಪೆಡಲ್ ತುಳಿದಾಗಲೆಲ್ಲ ಕುಣಿಯುತ್ತವೆ.

ಫುಲ್ ಸಸ್ಪೆನ್ಷನ್ನೇ ಬೇಕೆಂದಿದ್ದರೆ ಒಂದು ಪರೀಕ್ಷೆ ತಪ್ಪದೇ ಮಾಡಿ. ಸೀಟನ್ನು ಹಿಡಿದು ಹಿಂದಿನ ಚಕ್ರ ನೆಲ ಬಿಡುವಷ್ಟು ಮಾತ್ರ ಮೆಲ್ಲಗೆ ಎತ್ತಿ. ಚಕ್ರ ಏಳುವ ಮುನ್ನ ‘ಟಕ್’ ಅಂದರೆ ಕೀಲಿನಲ್ಲೋ ಶಾಕ್ ಸಿಕ್ಕಿಸಿದ ಕಡೆಯೋ ಸವೆತ ಇದೆ.

ಚಕ್ರದ ವಿಷಯಕ್ಕೆ ಬಂದರೆ, 29 ಇಂಚು ಕಲ್ಲು-ಬೇರುಗಳ ಮೇಲೆ ಸಲೀಸಾಗಿ ಉರುಳುತ್ತದೆ, 27.5 ಚುರುಕಾಗಿ ತಿರುಗುತ್ತದೆ, ಎರಡೂ ಒಳ್ಳೆಯವೇ. ಎತ್ತರ ಕಡಿಮೆ ಇರುವವರಿಗೆ 27.5 ಹೆಚ್ಚು ಹೊಂದುತ್ತದೆ. 26 ಇಂಚಿನ ಟೈರು ಊರೂರಲ್ಲಿ ಸಿಗುತ್ತದಾದರೂ ಟ್ರೇಲ್‌ಗೆ ತಕ್ಕ ಒಳ್ಳೆಯ ಟೈರು, ಒಳ್ಳೆಯ ಫೋರ್ಕು 26ಕ್ಕೆ ಅಪರೂಪವಾಗುತ್ತಿವೆ. ಬಹಳ ಅಗ್ಗಕ್ಕೆ, ಬಹಳ ಚೆನ್ನಾಗಿರುವುದು ಸಿಕ್ಕರೆ ಮಾತ್ರ ಯೋಚಿಸಿ.

ಅಳತೆ

ಅಳತೆ ಸರಿಯಿಲ್ಲದ ಸೈಕಲ್ಲನ್ನು ಪುಕ್ಕಟೆ ಕೊಟ್ಟರೂ ಬೇಡ. ಸುಮಾರು 155ರಿಂದ 165 ಸೆಂ.ಮೀ. ಎತ್ತರದವರಿಗೆ ಸ್ಮಾಲ್, 165ರಿಂದ 177ರವರೆಗೆ ಮೀಡಿಯಂ, ಅದಕ್ಕೂ ಮೇಲೆ ಲಾರ್ಜ್ ಎಂಬುದು ಒರಟು ಲೆಕ್ಕ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ. ಆ ಮಾಡೆಲ್ಲಿನ ಆ ವರ್ಷದ ಸೈಜ್ ಚಾರ್ಟ್ ಹುಡುಕಿ ನೋಡುವುದು ಉತ್ತಮ.

ಸ್ಥಳದಲ್ಲಿ ಹೀಗೆ ನೋಡಿ. ಶೂ ಹಾಕಿಕೊಂಡು ಸೈಕಲ್ಲಿನ ಎರಡೂ ಬದಿಗೆ ಕಾಲಿಟ್ಟು, ಮೇಲಿನ ಟ್ಯೂಬಿನ ಮೇಲೆ ನಿಂತುಕೊಳ್ಳಿ. ತೊಡೆಸಂದಿಗೂ ಟ್ಯೂಬಿಗೂ ಕನಿಷ್ಠ 5 ಸೆಂ.ಮೀ. ಅಂತರ ಇರಬೇಕು. ಆಮೇಲೆ ಸೀಟಿನ ಮೇಲೆ ಕೂತು, ಪೆಡಲ್ ತೀರಾ ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಬಾಗುವಷ್ಟು ಸೀಟು ಏರಿಸಿ. ಸೀಟ್‌ಪೋಸ್ಟಿನ ಮೇಲೆ ಕೊರೆದಿರುವ ಕನಿಷ್ಠ ಮಿತಿಯ ಗೆರೆ ಆಗ ಹೊರಗೆ ಕಂಡರೆ ಫ್ರೇಮ್ ನಿಮಗೆ ಚಿಕ್ಕದು. ಕೊನೆಗೆ ಪೆಡಲ್ ಮೇಲೆ ಎದ್ದು ನಿಂತು ಓಡಿಸಿ: ಇಳಿಜಾರಿನಲ್ಲಿ ನೀವು ಇರುವುದು ಈ ಭಂಗಿಯಲ್ಲೇ. ಮೊಣಕಾಲು ಹ್ಯಾಂಡಲ್‌ಗೆ ತಾಗುವಂತಿದ್ದರೆ ಚಿಕ್ಕದಾಯಿತು, ಮೈ ಚಾಚಿ ತೋಳು ನೇರವಾಗಿಬಿಟ್ಟರೆ ದೊಡ್ಡದಾಯಿತು. ‘ಸೀಟು ಹಿಂದೆ ಮುಂದೆ ಮಾಡಿದರೆ ಸರಿಹೋಗುತ್ತದೆ’ ಎಂದು ಮಾರುವವರು ಹೇಳಬಹುದು. ಎದ್ದು ನಿಂತಾಗ ಸೀಟು ಲೆಕ್ಕಕ್ಕೇ ಬರುವುದಿಲ್ಲ.

ಫ್ರೇಮ್

ಬಟ್ಟೆಯಿಂದ ಕೆಸರು, ಧೂಳು ಒರೆಸಿಯೇ ನೋಡಬೇಕು. ಸೈಕಲ್ಲನ್ನು ತಲೆಕೆಳಗು ಮಾಡಿ, ಟಾರ್ಚಿನ ಬೆಳಕನ್ನು ನೇರ ಬೀಳಿಸದೆ ಓರೆಯಾಗಿ ಹಾಯಿಸಿ. ಬಿರುಕು ಬರುವ ಜಾಗಗಳು ಗೊತ್ತಿರುವಂಥವೇ: ಹೆಡ್‌ಟ್ಯೂಬಿಗೆ (ಹ್ಯಾಂಡಲ್ ಕೆಳಗೆ ಫೋರ್ಕ್ ಹಾದುಹೋಗುವ ಕೊಳವೆ) ಕೆಳಗಿನ ಟ್ಯೂಬು ಸೇರುವ ವೆಲ್ಡಿಂಗು, ಸೀಟ್‌ಪೋಸ್ಟ್ ಕ್ಲ್ಯಾಂಪಿನ ಕೆಳಗೆ ಮೇಲಿನ ಟ್ಯೂಬು ಸೇರುವ ಜಾಗ, ಪೆಡಲ್ ಬೇರಿಂಗ್ ಕೂರುವ ಬಾಟಮ್ ಬ್ರಾಕೆಟ್ಟಿನ ಸುತ್ತ, ಹಿಂದಿನ ಆಕ್ಸಲ್ ಕೂರುವ ಡ್ರಾಪ್‌ಔಟ್.

ಗೀರು ಬೇರೆ, ಬಿರುಕು ಬೇರೆ. ಕಲ್ಲು ಸಿಡಿದು ಆದ ಗೀರು ಬಣ್ಣದ ಮೇಲಷ್ಟೇ ಇರುತ್ತದೆ, ಎಲ್ಲೆಂದರಲ್ಲಿ ಬೀಳುತ್ತದೆ. ಬಿರುಕು ವೆಲ್ಡಿಂಗಿನ ಅಂಚನ್ನೇ ಹಿಡಿದು ಕೂದಲೆಳೆಯಂತೆ ಸಾಗುತ್ತದೆ, ಅದರೊಳಗೆ ಕಪ್ಪು ಕೊಳೆ ಕೂತಿರುತ್ತದೆ, ಒರೆಸಿದರೆ ಹೋಗುವುದಿಲ್ಲ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಬಿರುಕು ಕಂಡರೆ ಚೌಕಾಸಿ ಮಾಡಬೇಡಿ, ಹೊರಟುಬಿಡಿ. ವೆಲ್ಡ್ ಮಾಡಿಸಬಹುದು ಅನ್ನುವ ಮಾತಿಗೆ ಕಿವಿಗೊಡಬೇಡಿ: ವೆಲ್ಡಿಂಗಿನ ಶಾಖಕ್ಕೆ ಸುತ್ತಲಿನ ಲೋಹದ ಬಲ ಕುಂದುತ್ತದೆ, ಕಾರ್ಖಾನೆಯಲ್ಲಿ ಆಮೇಲೆ ಮಾಡುವ ಶಾಖೋಪಚಾರ ಗಲ್ಲಿಯ ಗ್ಯಾರೇಜಿನಲ್ಲಿ ಆಗುವುದಿಲ್ಲ.

ಹೆಡ್‌ಟ್ಯೂಬಿನ ಹಿಂದೆ, ಕೆಳಗಿನ ಟ್ಯೂಬಿನ ಅಡಿಭಾಗವನ್ನು ಬೆರಳಿನಿಂದ ಸವರಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ, ಸಣ್ಣ ಅಲೆಯಂತೆ ಉಬ್ಬಿದ್ದರೆ ಸೈಕಲ್ಲು ಎದುರಿಗೆ ಏನಕ್ಕೋ ಜೋರಾಗಿ ಗುದ್ದಿದೆ. ಅದೂ ಬೇಡ. ಕಾರ್ಬನ್ ಫ್ರೇಮಿನಲ್ಲಿ ಒಳಗಿನ ಪೆಟ್ಟು ಹೊರಗೆ ಕಾಣದೇ ಇರಬಹುದು. ಹಿಂದಿನ ಮಾಲೀಕರನ್ನು ಚೆನ್ನಾಗಿ ಬಲ್ಲಿರಾದರೆ ಮಾತ್ರ ಮುಂದುವರಿಯಿರಿ.

ಸೀಟ್‌ಪೋಸ್ಟ್ ಕ್ಲ್ಯಾಂಪ್ ಸಡಿಲಿಸಿ, ಪೋಸ್ಟನ್ನು ತಿರುಗಿಸಿ ಪೂರ್ತಿ ಹೊರಗೆ ತೆಗೆಯಿರಿ. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಬಂದ ಸೈಕಲ್ಲಾದರೆ ಇದು ಬಹಳ ಮುಖ್ಯ. ಉಪ್ಪುಗಾಳಿಗೆ ಪೋಸ್ಟು ಫ್ರೇಮಿಗೇ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಗರಗಸದಿಂದ ಕೊಯ್ದು ತೆಗೆಯಬೇಕಾಗುತ್ತದೆ. ಹೊರಬಂದ ಪೋಸ್ಟಿನ ಬುಡದಲ್ಲಿ ವ್ಯಾಸ ಬರೆದಿರುತ್ತದೆ. 30.9 ಅಥವಾ 31.6 ಮಿ.ಮೀ. ಇದ್ದರೆ, ಮುಂದೆ ಗುಂಡಿ ಒತ್ತಿ ಇಳಿಸುವ ಡ್ರಾಪರ್ ಪೋಸ್ಟ್ ಹಾಕಿಸುವಾಗ ಆಯ್ಕೆ ಹೆಚ್ಚು. 27.2ಕ್ಕೆ ಕಡಿಮೆ.

ಮುಂದಿನ ದಾರಿ ತೀರ್ಮಾನಿಸುವ ಮೂರು ಭಾಗ

ಇದನ್ನು ನೋಡದೆ ಕೊಂಡವರೇ ಹೆಚ್ಚು, ಆಮೇಲೆ ಪೇಚಾಡುವವರೂ ಅವರೇ.

ಒಂದು, ಹಿಂದಿನ ಹಬ್, ಅಂದರೆ ಚಕ್ರದ ನಡುಭಾಗ. ಹಿಂದೆ 7 ಗೇರು, ಕೆಲವೊಮ್ಮೆ 8 ಗೇರು ಇರುವ ಅಗ್ಗದ ಸೈಕಲ್ಲುಗಳಲ್ಲಿ ಹಲ್ಲುಚಕ್ರಗಳ ಗೊಂಚಲು ಹಬ್ಬಿಗೆ ನೇರವಾಗಿ ತಿರುಪಿಕೊಂಡಿರುತ್ತದೆ. ಇದು ಫ್ರೀವೀಲ್. ಇದರಲ್ಲಿ ಬಲಬದಿಯ ಬೇರಿಂಗು ಗೊಂಚಲಿನ ಒಳಪಕ್ಕಕ್ಕೆ ಇರುವುದರಿಂದ ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ಲಿಗೆ ಯಾವ ಆಸರೆಯೂ ಇಲ್ಲ. ಕಲ್ಲಿನ ದಾರಿಯಲ್ಲಿ ಪೆಟ್ಟು ಬಿದ್ದಂತೆಲ್ಲ ಅದು ಬಾಗುತ್ತದೆ, ಕೊನೆಗೆ ಮುರಿಯುತ್ತದೆ. ಗೊಂಚಲು ತಿರುಪಿಕೊಳ್ಳದೆ ಜಾರಿ ಕೂರುವ ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗು ಫ್ರೇಮಿಗೆ ಹತ್ತಿರವಿರುತ್ತದೆ, ಆಕ್ಸಲ್ ಉಳಿಯುತ್ತದೆ. ಗುರುತಿಸುವುದು ಸುಲಭ: ಹಿಂದಿನ ಚಕ್ರ ನಿಲ್ಲಿಸಿ ಹಿಡಿದು ಹಲ್ಲುಚಕ್ರವನ್ನು ಹಿಮ್ಮುಖವಾಗಿ ತಿರುಗಿಸಿ. ನಡುವೆ ಟೂಲ್ ಸಿಕ್ಕಿಸುವ ಕಚ್ಚುಗಳಿರುವ ಉಂಗುರವೂ ಜೊತೆಗೇ ತಿರುಗಿದರೆ ಕ್ಯಾಸೆಟ್. ಹಲ್ಲುಗಳು ತಿರುಗಿ ಆ ಕಚ್ಚುಗಳು ಅಲ್ಲೇ ನಿಂತರೆ ಫ್ರೀವೀಲ್. ಟ್ರೇಲ್‌ಗೆ ಫ್ರೀವೀಲ್ ಬೇಡ.

ಎರಡು, ಹೆಡ್‌ಟ್ಯೂಬ್. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿರುವ ಟೇಪರ್ಡ್ ಬಗೆಯಾದರೆ ಮುಂದೆ ಒಳ್ಳೆಯ ಏರ್ ಫೋರ್ಕ್ (ಗಾಳಿ ತುಂಬುವಂಥದ್ದು) ಹಾಕಿಸುವುದು ಸಲೀಸು. ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ, ಕಿರಿದಾದ ನೇರ ಟ್ಯೂಬಾದರೆ ಇವತ್ತು ಸಿಗುವ ಒಳ್ಳೆಯ ಫೋರ್ಕುಗಳಲ್ಲಿ ಹೆಚ್ಚಿನವು ಕೂರುವುದೇ ಇಲ್ಲ.

ಮೂರು, ಆಕ್ಸಲ್ಲಿನ ಅಳತೆ. ಹಳೆಯವುಗಳಲ್ಲಿ ಮುಂದೆ 100, ಹಿಂದೆ 135 ಮಿ.ಮೀ. ಅಗಲದ ಕ್ವಿಕ್ ರಿಲೀಸ್ (ಸಣ್ಣ ಲಿವರ್ ತಿರುಗಿಸಿ ಚಕ್ರ ಬಿಚ್ಚುವಂಥದ್ದು). ಈಚಿನ ಟ್ರೇಲ್ ಸೈಕಲ್ಲುಗಳಲ್ಲಿ ಮುಂದೆ 15×110, ಹಿಂದೆ 12×148 ಅಳತೆಯ, ಬೂಸ್ಟ್ ಎಂದು ಕರೆಯುವ ಥ್ರೂ ಆಕ್ಸಲ್ (ಹಬ್ಬಿನ ಮೂಲಕ ಹಾಯಿಸಿ ಬಿಗಿ ಮಾಡುವ ದಪ್ಪ ಆಕ್ಸಲ್). ಕ್ವಿಕ್ ರಿಲೀಸ್ ಇದ್ದರೆ ತಳ್ಳಿಹಾಕಬೇಕೆಂದಿಲ್ಲ, ಸಾಧಾರಣ ಟ್ರೇಲ್‌ಗೆ ಸಾಕು. ಆದರೆ ಮುಂದೊಂದು ದಿನ ಚಕ್ರ ಬದಲಿಸಲು ಹೊರಟಾಗ ಒಳ್ಳೆಯ ಆಯ್ಕೆಗಳೆಲ್ಲ ಥ್ರೂ ಆಕ್ಸಲ್ ಕಡೆಗೇ ಇರುತ್ತವೆ ಎಂಬುದು ಗೊತ್ತಿರಲಿ. ಬೆಲೆ ಮಾತಾಡುವಾಗ ಇದು ಲೆಕ್ಕಕ್ಕೆ ಬರಬೇಕು.

ಫೋರ್ಕ್

ಫ್ರೇಮಿನ ನಂತರ ಹೆಚ್ಚು ದುಡ್ಡು ತಿನ್ನುವುದು ಇದೇ. ಸಾಧಾರಣ ಟ್ರೇಲ್‌ಗೆ 100ರಿಂದ 120 ಮಿ.ಮೀ. ಟ್ರಾವೆಲ್ (ಒತ್ತಿದಾಗ ಫೋರ್ಕ್ ಇಳಿಯುವ ಒಟ್ಟು ದೂರ) ಸಾಕು, 130 ಇದ್ದರೂ ಸರಿ. ಸನ್‌ಟೂರ್ ಎಕ್ಸ್‌ಸಿಟಿಯಂಥ ಸ್ಪ್ರಿಂಗ್ ಫೋರ್ಕು ಭಾರವಾಗಿರುತ್ತದೆ, ಹಿಂದಿರುಗುವ ವೇಗವನ್ನು ಹಿಡಿತಕ್ಕೆ ತರುವ ವ್ಯವಸ್ಥೆ ಅದರಲ್ಲಿ ಹೇಳಿಕೊಳ್ಳುವಂಥದ್ದಲ್ಲ. ಮಟ್ಟವಾದ ಮಣ್ಣು ದಾರಿಗೆ ನಡೆಯುತ್ತದೆ. ಗಾಳಿ ತುಂಬುವ ಫೋರ್ಕ್ ಇದ್ದರೆ ನಿಮ್ಮ ತೂಕಕ್ಕೆ ಹೊಂದಿಸಿಕೊಳ್ಳಬಹುದು; ಅದಕ್ಕಾಗಿ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿ. ತಡೆಯಿಲ್ಲದೆ ಇಳಿದು, ಜಿಗಿಯದೆ ಮೇಲೆ ಬರಬೇಕು. ಒಳಗೆ ಹೊರಗೆ ಜಾರುವ ಹೊಳೆಯುವ ಕೊಳವೆಗಳ ಮೇಲೆ ಉಗುರು ಓಡಿಸಿ, ಹಿಂಬದಿಯಲ್ಲೂ. ಉಗುರು ಸಿಕ್ಕಿಕೊಳ್ಳುವಂಥ ಗೀರು ಸೀಲಿನ ಮೇಲೆ ಹಾದುಹೋಗುವ ಜಾಗದಲ್ಲಿದ್ದರೆ ಅದು ಸೀಲನ್ನು ಹರಿಯುತ್ತಲೇ ಇರುತ್ತದೆ. ಸೀಲು ಬದಲಿಸಿ ಉಪಯೋಗವಿಲ್ಲ. ತೆಳುವಾದ ಎಣ್ಣೆಯ ಪಸೆ ಇರುವುದು ಒಳ್ಳೆಯದೇ, ದಪ್ಪ ಉಂಗುರವಾಗಿ ಎಣ್ಣೆ ಕೂತಿದ್ದರೆ ಸೀಲು ಹೋಗಿದೆ.

ಆಮೇಲೆ ಪ್ಲೇ, ಅಂದರೆ ಸಡಿಲಿಕೆ ನೋಡಬೇಕು. ಮುಂದಿನ ಬ್ರೇಕ್ ಹಿಡಿದೇ ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ. ‘ಕಟ್ ಕಟ್’ ಅಂದರೆ ಎಲ್ಲಿಂದ ಎಂದು ಬೆರಳಿಟ್ಟು ಪತ್ತೆ ಮಾಡಿ. ಫ್ರೇಮಿಗೂ ಫೋರ್ಕಿನ ನೆತ್ತಿಗೂ ನಡುವಿನ ಸಂದಿಯಲ್ಲಿ ಅಲುಗಿದರೆ ಹೆಡ್‌ಸೆಟ್ (ಹೆಡ್‌ಟ್ಯೂಬಿನ ಬೇರಿಂಗು) ಸಡಿಲ, ಎರಡು ನಿಮಿಷದ ಕೆಲಸ. ಕೊಳವೆ ಒಳಗೆ ಹೋಗುವ ರಬ್ಬರ್ ಸೀಲಿನ ಹತ್ತಿರ ಅಲುಗಿದರೆ ಫೋರ್ಕಿನ ಒಳಗಿನ ಬುಶ್ ಸವೆದಿದೆ. ಅಗ್ಗದ ಫೋರ್ಕಿನಲ್ಲಿ ಇದನ್ನು ಸರಿಮಾಡಿಸುವುದಕ್ಕಿಂತ ಹೊಸ ಫೋರ್ಕೇ ಮೇಲು.

ಕೊನೆಯದಾಗಿ ಒಂದು ಪ್ರಶ್ನೆ ಕೇಳಿ: ಫೋರ್ಕ್ ಸರ್ವಿಸ್ ಯಾವಾಗ ಆಯಿತು? ರಾಕ್‌ಶಾಕ್ಸ್‌ನಂಥ ಕಂಪನಿ ಕೆಳಗಿನ ಕಾಲುಗಳ ಎಣ್ಣೆ ಬದಲಿಸಲು ಹೇಳುವುದು ಪ್ರತಿ 50 ಗಂಟೆ ಸವಾರಿಗೊಮ್ಮೆ. ‘ಸರ್ವಿಸ್ ಅಂದರೇನು’ ಎಂಬ ಉತ್ತರ ಬಂದರೆ ಆ ಖರ್ಚು ನಿಮ್ಮ ತಲೆಯ ಮೇಲಿದೆ ಎಂದುಕೊಳ್ಳಿ.

ಚಕ್ರ, ಗೇರು, ಬ್ರೇಕ್

ಚಕ್ರವನ್ನು ಎತ್ತಿ ತಿರುಗಿಸಿ, ಬೆರಳನ್ನು ಫ್ರೇಮಿಗೆ ಊರಿ ರಿಮ್ಮಿನ ಹತ್ತಿರ ಹಿಡಿದು ನೋಡಿ. ಪಕ್ಕಕ್ಕೆ 2-3 ಮಿ.ಮೀ. ಓಲಾಡುವುದನ್ನು ಸ್ಪೋಕ್ ಬಿಗಿ ಮಾಡಿ ಸರಿಪಡಿಸುತ್ತಾರೆ. ಮೇಲೆ ಕೆಳಗೆ ಕುಣಿದರೆ ರಿಮ್ ನೆಗ್ಗಿದೆ, ಅದು ಪೂರ್ತಿ ಸರಿಯಾಗುವುದು ಅಪರೂಪ. ಸ್ಪೋಕ್ ಕೂರುವ ತೂತುಗಳ ಸುತ್ತ ರಿಮ್ಮಿನಲ್ಲಿ ಬಿರುಕಿದೆಯೇ ನೋಡಿ. ಟೈರನ್ನು ಹಿಡಿದು ಎಡಕ್ಕೂ ಬಲಕ್ಕೂ ತಳ್ಳಿದಾಗ ಅಲುಗಿದರೆ ಹಬ್ ಬೇರಿಂಗ್ ಸಡಿಲ. ಚಕ್ರ ಬಿಚ್ಚಿ ಆಕ್ಸಲ್ ಬೆರಳಿನಲ್ಲಿ ತಿರುಗಿಸಿದಾಗ ಮರಳು ಅರೆದಂತೆ ಅನ್ನಿಸಿದರೆ ಒಳಗೆ ಗುಳಿ ಬಿದ್ದಿದೆ. ನಮ್ಮ ಕಡೆ ಜಾಲಿ ಮುಳ್ಳಿನ ಕಾಟ ಇರುವುದರಿಂದ ರಿಮ್ ಟ್ಯೂಬ್‌ಲೆಸ್‌ಗೆ ಒಗ್ಗುತ್ತದೆಯೇ ಎಂದು ರಿಮ್ಮಿನ ಮೇಲಿನ ಬರಹ ಓದಿ. ಒಗ್ಗಿದರೆ ದೊಡ್ಡ ಲಾಭ.

ಪೆಡಲ್ ಸಿಕ್ಕಿಸಿದ ತೋಳನ್ನು, ಅಂದರೆ ಕ್ರ್ಯಾಂಕನ್ನು ಹಿಡಿದು ಪಕ್ಕಕ್ಕೆ ಆಡಿಸಿ. ಎರಡೂ ತೋಳು ಒಟ್ಟಿಗೆ ಅಲುಗಿದರೆ ಬಾಟಮ್ ಬ್ರಾಕೆಟ್ ಹೋಗಿದೆ, ಬದಲಿಸುವುದು ಅಂಥ ದುಬಾರಿಯಲ್ಲ. ಒಂದೇ ತೋಳು ಅಲುಗಿದರೆ ಅದರ ತೂತೇ ಸವೆದಿರಬಹುದು. ಎಷ್ಟು ಬಿಗಿ ಮಾಡಿದರೂ ಮತ್ತೆ ಸಡಿಲವಾಗುತ್ತದೆ, ತೋಳನ್ನೇ ಬದಲಿಸಬೇಕು.

ಚೈನಿನ ಸವೆತಕ್ಕೆ ಸ್ಟೀಲ್ ಸ್ಕೇಲ್ ಸಾಕು. ಚೈನು ಬಿಗಿಯಾಗಿರುವ ಕಡೆ ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಟ್ಟು, ಅದನ್ನು ಬಿಟ್ಟು ಮುಂದಿನ 20ನೇ ಪಿನ್ನಿನ ಮಧ್ಯ ಎಲ್ಲಿ ಬರುತ್ತದೆ ಓದಿ. ಹೊಸ ಚೈನಿನಲ್ಲಿ ಅದು 254 ಮಿ.ಮೀ. ಹಿಂದೆ 11, 12 ಗೇರಿನ ಸೈಕಲ್ಲಾದರೆ 255 ದಾಟಿದ ಕೂಡಲೇ ಚೈನು ಬದಲಿಸುವ ಹೊತ್ತು. 8ರಿಂದ 10 ಗೇರಿನದಾದರೆ 256ರವರೆಗೆ ಎಳೆಯಬಹುದು. 256.5 ದಾಟಿದ್ದರೆ ಕ್ಯಾಸೆಟ್ಟೂ ಸವೆದಿದೆ ಎಂದೇ ಲೆಕ್ಕ ಹಾಕಿ: ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಜೋರಾಗಿ ತುಳಿದಾಗಲೆಲ್ಲ ಹಾರುತ್ತದೆ.

ಸೈಕಲ್ಲಿನ ಹಿಂದೆ ಕುಳಿತು, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರನ್ನು ನೋಡಿ. ಅದರ ಎರಡು ಪುಟ್ಟ ಚಕ್ರಗಳು ಹಲ್ಲುಚಕ್ರದ ನೇರಕ್ಕೆ, ಒಂದರ ಕೆಳಗೊಂದು ಇರಬೇಕು. ಕೆಳಗಿನದು ಒಳಕ್ಕೆ ಓರೆಯಾಗಿದ್ದರೆ ಡಿರೇಲರನ್ನು ಫ್ರೇಮಿಗೆ ಸಿಕ್ಕಿಸುವ ಹ್ಯಾಂಗರ್ ಬಾಗಿದೆ, ಸೈಕಲ್ಲು ಬಲಕ್ಕೆ ಬಿದ್ದಿದೆ. ಈ ಸ್ಥಿತಿಯಲ್ಲಿ ಅತಿ ಹಗುರದ ಗೇರಿಗೆ ಹಾಕಿದರೆ ಡಿರೇಲರ್ ಸ್ಪೋಕಿನೊಳಗೆ ನುಗ್ಗಿ ಎಲ್ಲವನ್ನೂ ಕಿತ್ತುಹಾಕುತ್ತದೆ. ಹ್ಯಾಂಗರ್ ಸಣ್ಣ ಭಾಗ, ಆದರೆ ಮಾಡೆಲ್ಲಿಗೊಂದು ಆಕಾರ. ಅದು ಸಿಗುತ್ತದೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಿ, ಸಿಕ್ಕರೆ ಎರಡು ತೆಗೆದಿಡಿ. ಶಿಮಾನೋದಲ್ಲಿ ಟೂರ್ನಿ, ಆಲ್ಟಸ್, ಅಸೆರಾ, ಅಲಿವಿಯೊ, ಡಿಯೋರ್ ಎಂಬುದು ಏರುವ ಕ್ರಮ. ಚೈನು ಜೋಲಾಡದಂತೆ ಹಿಡಿಯುವ ಕ್ಲಚ್ಚು, ಮುಂದೆ ಒಂದೇ ಹಲ್ಲುಚಕ್ರ ಇರುವ ಡಿಯೋರ್ ಸಿಕ್ಕರೆ ಬಿಡಬೇಡಿ.

ಬ್ರೇಕ್ ಹೈಡ್ರಾಲಿಕ್ ಆಗಿದ್ದರೆ ಲಿವರನ್ನು ಗಟ್ಟಿಯಾಗಿ 30 ಸೆಕೆಂಡು ಹಿಡಿದಿಡಿ. ಮೆಲ್ಲಗೆ ಹ್ಯಾಂಡಲ್ ಕಡೆಗೆ ಇಳಿಯುತ್ತ ಹೋದರೆ ಎಣ್ಣೆ ಸೋರುತ್ತಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ, ಬ್ಲೀಡ್ ಮಾಡಿಸಿದರೆ (ಗಾಳಿ ಹೊರತೆಗೆಸಿದರೆ) ಸರಿ. ಶಿಮಾನೋ, ಟೆಕ್ಟ್ರೊ ಬ್ರೇಕಿಗೆ ಮಿನರಲ್ ಆಯಿಲ್ಲೇ ಬೇಕು. ಮೋಟಾರ್ ಬೈಕಿನ ಬ್ರೇಕಿಗೆ ಹಾಕುವ ಡಾಟ್ ಆಯಿಲ್ ಹಾಕಿದರೆ ಒಳಗಿನ ಸೀಲು ಉಬ್ಬಿ ಕೆಡುತ್ತದೆ; ಹಿಂದೆ ಯಾವುದು ಹಾಕಿಸಿದ್ದರೆಂದು ಕೇಳಿ. ರೋಟರಿನ (ಬ್ರೇಕ್ ಡಿಸ್ಕಿನ) ಮೇಲೆ ಕನಿಷ್ಠ ದಪ್ಪ ಕೊರೆದಿರುತ್ತದೆ, ಶಿಮಾನೋದಲ್ಲಿ 1.5 ಮಿ.ಮೀ. ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಕೊರೆದಿದ್ದರೆ ಲೋಹದ ಪ್ಯಾಡು ಹಾಕುವಂತಿಲ್ಲ, ಮತ್ತು ಮಲೆನಾಡಿನ ಮಳೆಗಾಲದ ಕೆಸರಿನಲ್ಲಿ ರೆಸಿನ್ ಪ್ಯಾಡು ಬೇಗ ತೀರುತ್ತದೆ. ಬ್ರೇಕ್ ಹಿಡಿದಾಗ ಜೋರಾಗಿ ಕಿರುಚಿ, ನಿಲ್ಲಿಸುವ ಶಕ್ತಿಯೂ ಇಲ್ಲದಿದ್ದರೆ ಪ್ಯಾಡಿಗೆ ಎಣ್ಣೆ ತಗುಲಿದೆ. ಮಾರುವ ಮುನ್ನ ಹೊಳಪಿಗೆಂದು ಸ್ಪ್ರೇ ಹೊಡೆದಿರುವ ಸಾಧ್ಯತೆಯೇ ಹೆಚ್ಚು. ಹೊಸ ಪ್ಯಾಡು ಹಾಕಬೇಕು.

ಓಡಿಸಿ ನೋಡುವಾಗ

ಪಾರ್ಕಿಂಗ್‌ನಲ್ಲಿ ಒಂದು ಸುತ್ತು ಸಾಲದು. ಒಂದು ಏರು, ಒಂದು ಇಳಿಜಾರು, ಒಂದಿಷ್ಟು ಹಳ್ಳಕೊಳ್ಳ ಇರುವ ಕಡೆ 15 ನಿಮಿಷ ಓಡಿಸಿ. ಏರಿನಲ್ಲಿ ಎದ್ದು ನಿಂತು, ನಡುವಿನ ಗೇರುಗಳಲ್ಲಿ ಜೋರಾಗಿ ತುಳಿಯಿರಿ. ಹಿಂದಿನವರು ಹೆಚ್ಚು ಬಳಸಿರುವುದು ಅವನ್ನೇ, ಚೈನು ಹಾರುವುದಿದ್ದರೆ ಅಲ್ಲೇ ಹಾರುತ್ತದೆ. ಮೊದಲು ಹಿಂದಿನ ಚಕ್ರ ನೆಲ ಬಿಡದಂತೆ ಸೀಟಿನ ಹಿಂದಕ್ಕೆ ಸರಿದು ಬ್ರೇಕ್ ಹಿಡಿದು ನೋಡಿ, ಆಮೇಲೆ ಫುಟ್‌ಪಾತಿನ ಅಂಚಿನಿಂದ ಮೆಲ್ಲಗೆ ಇಳಿಸಿ ಕಿವಿಗೊಟ್ಟು ಕೇಳಿ. ಪ್ರತಿ ತುಳಿತಕ್ಕೊಂದು ಕಿರುಗುಟ್ಟುವಿಕೆ ಬಂದರೆ ಪೆಡಲ್, ಕ್ರ್ಯಾಂಕ್ ಅಥವಾ ಬಾಟಮ್ ಬ್ರಾಕೆಟ್. ಕೂತಾಗ ಬಂದು ನಿಂತಾಗ ಹೋದರೆ ಸೀಟ್‌ಪೋಸ್ಟ್.

ಬೆಲೆ, ಬಿಲ್ಲು

ಸೈಕಲ್ಲಿಗೆ ಆರ್‌ಸಿ ಪುಸ್ತಕ ಇರುವುದಿಲ್ಲ, ಹಾಗಾಗಿ ಮೂಲ ಬಿಲ್ಲೇ ಅದರ ದಾಖಲೆ. ಬಾಟಮ್ ಬ್ರಾಕೆಟ್ಟಿನ ಅಡಿಯಲ್ಲಿ ಕೊರೆದಿರುವ ಸೀರಿಯಲ್ ನಂಬರು ಬಿಲ್ಲಿನಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ನೋಡಿ. ನಂಬರು ಉಜ್ಜಿಹಾಕಿದ್ದರೆ ಕದ್ದ ಮಾಲು ಎಂದೇ ತಿಳಿಯಿರಿ. ಬಿಲ್ಲು ಕಳೆದಿದೆ ಅಂದರೆ ಕೊಂಡ ಅಂಗಡಿಯಿಂದ ಪ್ರತಿ ತರಿಸಲು ಹೇಳಿ, ಜೊತೆಗೆ ಮಾರಿದ್ದಕ್ಕೆ ಸಹಿ ಮಾಡಿದ ಒಂದು ಕಾಗದ ಪಡೆದುಕೊಳ್ಳಿ. ಫ್ರೇಮಿನ ವಾರಂಟಿ ಬಹುತೇಕ ಕಂಪನಿಗಳಲ್ಲಿ ಮೊದಲ ಮಾಲೀಕರಿಗೆ ಮಾತ್ರ. ‘ಲೈಫ್‌ಟೈಮ್ ವಾರಂಟಿ ಇದೆ’ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ.

ಮಾಡೆಲ್ ಹೆಸರು ಒಂದೇ ಇದ್ದರೂ ಭಾಗಗಳು ವರ್ಷ ವರ್ಷಕ್ಕೆ ಬದಲಾಗುತ್ತವೆ. ಟ್ರೆಕ್ ಮಾರ್ಲಿನ್, ಸ್ಕಾಟ್ ಆಸ್ಪೆಕ್ಟ್, ಜೈಂಟ್ ಟ್ಯಾಲನ್, ಮೆರಿಡಾ ಬಿಗ್ ನೈನ್, ಡೆಕಾತ್ಲಾನಿನ ರಾಕ್‌ರೈಡರ್ ಯಾವುದೇ ಆಗಲಿ, ವರ್ಷ ಕೇಳಿಕೊಂಡು ಆ ವರ್ಷದ ಭಾಗಗಳ ಪಟ್ಟಿ ಹುಡುಕಿ. ಒಳ್ಳೆಯ ಫೋರ್ಕನ್ನು ಬೇರೆ ಮಾರಿಕೊಂಡು, ಕಳಪೆಯದನ್ನು ಸಿಕ್ಕಿಸಿ ಕೊಡುವವರಿದ್ದಾರೆ. ಪಟ್ಟಿ ಕೈಯಲ್ಲಿದ್ದರೆ ಅದು ಅಲ್ಲೇ ಗೊತ್ತಾಗುತ್ತದೆ.

ಚೆನ್ನಾಗಿ ಇಟ್ಟುಕೊಂಡ, ಮೂರು ವರ್ಷದೊಳಗಿನ ಸೈಕಲ್ಲಿಗೆ ಹೊಸದರ ಇವತ್ತಿನ ಬೆಲೆಯ ಅರ್ಧ ನ್ಯಾಯವಾದ ಬೆಲೆ. ಅದರಿಂದ ಚೈನು, ಕ್ಯಾಸೆಟ್, ಪ್ಯಾಡು, ಟೈರು, ಫೋರ್ಕ್ ಸರ್ವಿಸ್ ಇವುಗಳಲ್ಲಿ ಯಾವುದು ಬೇಕೋ ಅದರ ಖರ್ಚನ್ನು ಹತ್ತಿರದ ಅಂಗಡಿಯಲ್ಲಿ ಕೇಳಿ ಬರೆದು, ಮಾರುವವರ ಮುಂದೆಯೇ ಕಳೆಯಿರಿ. ಕಳೆದು ಉಳಿದದ್ದಕ್ಕೆ ಅವರು ಒಪ್ಪದಿದ್ದರೆ ಬಿಟ್ಟು ಬನ್ನಿ.

ಮನೆಗೆ ತಂದ ಮೇಲೆ

ಮೊದಲು ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಬೋಲ್ಟು, ಕ್ರ್ಯಾಂಕ್, ಆಕ್ಸಲ್, ರೋಟರ್ ಬೋಲ್ಟುಗಳನ್ನು ಬಿಗಿ ಮಾಡಿ. ಸ್ಟೆಮ್ಮಿನವಕ್ಕೆ ಸಾಮಾನ್ಯವಾಗಿ 5-6 ನ್ಯೂಟನ್ ಮೀಟರ್, ಅದರ ಮೇಲೇ ಬರೆದಿರುತ್ತದೆ. ಸೀಟ್‌ಪೋಸ್ಟಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಕಾರ್ಬನ್ನಿಗೆ ಮಾತ್ರ ಬೇಡ. ಪೆಡಲ್ ಎರಡನ್ನೂ ಬಿಚ್ಚಿ ಥ್ರೆಡ್ಡಿಗೆ ಗ್ರೀಸ್ ಹಾಕಿ ಮತ್ತೆ ಕೂರಿಸಿ. ಎಡಗಡೆಯದು ಉಲ್ಟಾ ಥ್ರೆಡ್ಡು, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಏರ್ ಫೋರ್ಕ್ ಇದ್ದರೆ ಸವಾರಿಯ ಉಡುಪಿನಲ್ಲಿ, ನೀರಿನ ಬಾಟಲಿ ಬ್ಯಾಗುಗಳ ಸಮೇತ ಪೆಡಲ್ ಮೇಲೆ ನಿಂತಾಗ ಒಟ್ಟು ಟ್ರಾವೆಲ್ಲಿನ ಶೇ. 20ರಷ್ಟು ಇಳಿಯುವಂತೆ ಗಾಳಿ ಹೊಂದಿಸಿ: 120 ಮಿ.ಮೀ. ಫೋರ್ಕಾದರೆ 24 ಮಿ.ಮೀ. ಕೊಳವೆಗೆ ಒಂದು ಜಿಪ್ ಟೈ ಸಡಿಲವಾಗಿ ಸುತ್ತಿದರೆ ಎಲ್ಲಿಯವರೆಗೆ ಇಳಿಯಿತೆಂದು ಅದೇ ತೋರಿಸುತ್ತದೆ. ಮೊದಲ ಟ್ರೇಲ್ ಸವಾರಿ ಮುಗಿಸಿ ಬಂದ ದಿನವೇ ಈ ಎಲ್ಲ ಬೋಲ್ಟುಗಳನ್ನೂ ಸ್ಪೋಕಿನ ಬಿಗಿಯನ್ನೂ ಮತ್ತೊಮ್ಮೆ ನೋಡಿ.